ಚಂದ್ರನಿಗೆ ಬೆನ್ನು ತೋರಿಸಿ ಲಂಡನ್ನಿಗೆ

ಬೆಂಗಳೂರಿನಿಂದ ಲಂಡನ್ನಿಗೆ ವಿಮಾನದಲ್ಲಿ ಐದೇ ಗಂಟೆ ಎಂದು ಲೆಕ್ಕ ಹಾಕಿ ಹೇಳಿದವನು ನಾನೇ. ಟಿಕೆಟ್ಟಿನಲ್ಲಿ ಬೆಳಿಗ್ಗೆ ಏಳಕ್ಕೆ ಹೊರಡುವುದು, ಮಧ್ಯಾಹ್ನ ಹನ್ನೆರಡಕ್ಕೆ ತಲುಪುವುದು ಎಂದಿತ್ತು. ಹನ್ನೆರಡರಲ್ಲಿ ಏಳು ಹೋದರೆ ಐದು. ಬಿ.ಎಸ್ಸಿ. ಓದಿದವನು ಇಷ್ಟಕ್ಕೆಲ್ಲ ಕ್ಯಾಲ್ಕ್ಯುಲೇಟರ್ ಹುಡುಕುವುದು ಅವಮಾನ.

ನನ್ನನ್ನೇ ಯಾಕೆ ಕೇಳಿದರು ಎಂದರೆ, ಆಗ ವಿಮಾನ ನಿಲ್ದಾಣ ಇನ್ನೂ ದೇವನಹಳ್ಳಿಗೆ ಹೋಗಿರಲಿಲ್ಲ. ಇಳಿಯುವ ವಿಮಾನಗಳೆಲ್ಲ ದೊಮ್ಮಲೂರಿನ ನಮ್ಮ ತಾರಸಿಯ ಮೇಲೇ ಹಾದುಹೋಗುತ್ತಿದ್ದವು. ಒಣಹಾಕಿದ ಹಪ್ಪಳ ನಡುಗುತ್ತಿತ್ತು. ವಿಮಾನದ ಹೊಟ್ಟೆಯನ್ನು ಇಷ್ಟು ಹತ್ತಿರದಿಂದ ಕಂಡವನಿಗೆ ವಿಮಾನದ ವಿಷಯವೆಲ್ಲ ಗೊತ್ತಿರುತ್ತದೆ ಎಂದು ನೆಂಟರು ನಂಬಿದ್ದರು. ನಾನೂ ನಂಬಿದ್ದೆ. ಅಲ್ಲಿಯವರೆಗೆ ನಾನು ವಿಮಾನ ಹತ್ತಿರಲಿಲ್ಲ ಎಂಬುದು ಸಣ್ಣ ವಿವರ.

ಹೊರಟಿದ್ದವರು ಹಲಸೂರಿನ ಅತ್ತೆ, ನಮ್ಮಪ್ಪನ ಅಕ್ಕ. ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದ ಅವರನ್ನು, ಲಂಡನ್ನಿನಲ್ಲಿ ನೆಲೆಸಿದ್ದ ಸ್ಕೂಲಿನ ಗೆಳತಿ ಮೇರಿ ಒಂದು ತಿಂಗಳು ಬಂದಿರು ಎಂದು ಕರೆದಿದ್ದರು. ಹೊರಡುವ ದಿನ ಸಂಕಷ್ಟಿ. ಚಂದ್ರ ಹುಟ್ಟುವವರೆಗೆ ಊಟವಿಲ್ಲ. ಮದುವೆಗೆ ಮುಂಚಿನಿಂದಲೂ ಅತ್ತೆ ಒಂದು ಸಂಕಷ್ಟಿಯನ್ನೂ ತಪ್ಪಿಸಿದವರಲ್ಲ. ಈಚೆಗೆ ಮಾತ್ರ ಅಸಿಡಿಟಿ ಶುರುವಾಗಿತ್ತು.

"ಎಷ್ಟು ಹೊತ್ತು ಉಪವಾಸ ಇರ್ಬೇಕಾಗುತ್ತೆ ನೋಡಿ ಹೇಳೋ. ಜಾಸ್ತಿ ಆಗೋ ಹಾಗಿದ್ರೆ ಟಿಕೆಟ್ ಮುಂದಕ್ಕೆ ಹಾಕಿಸ್ತೀನಿ."

"ಮನೇಲಿದ್ದಷ್ಟೇ ಅತ್ತೆ. ಐದು ಗಂಟೇಲಿ ಇಳೀತೀರ. ಒಂಬತ್ತಕ್ಕೆ ಚಂದ್ರ ಬರ್ತಾನೆ."

ನನಗೆ ಅನುಮಾನವೇ ಬರಲಿಲ್ಲವೆಂದಲ್ಲ. ಅಮ್ಮ ಹೂ ಕಟ್ಟುವ ದಾರ ತಂದು ತಮ್ಮನ ಅಟ್ಲಾಸಿನ ಮೇಲೆ ಅಳೆದೆ. ಎಂಟು ಸಾವಿರ ಕಿಲೋಮೀಟರ್ ಬಂತು. ಐದರಿಂದ ಭಾಗಿಸಿದರೆ ಅತ್ತೆ ಶಬ್ದಕ್ಕಿಂತ ಜೋರಾಗಿ ಹೋಗಬೇಕು. ತಪ್ಪು ದಾರದ್ದು ಎಂದು ತೀರ್ಮಾನಿಸಿ ಅದನ್ನು ಅಮ್ಮನಿಗೆ ಹಿಂತಿರುಗಿಸಿದೆ. ಭೂಮಿ ತಿರುಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು ನಾನು. ಅದು ಅತ್ತೆ ಲಂಡನ್ನಿಗೆ ಹೋಗುವ ದಿನವೂ ತಿರುಗುತ್ತದೆ ಎಂದು ಹೊಳೆಯಲಿಲ್ಲ.

ಆ ದಿನ ರಾತ್ರಿ ನಾವು ತಾರಸಿಯಲ್ಲಿ ಚಂದ್ರನಿಗೆ ಕೈಮುಗಿದು ಕೆಳಗಿಳಿಯುವಾಗ ಫೋನ್ ಬಂತು.

"ಅಲ್ಲಿ ಚಂದ್ರ ಬಂದ್ನೇನೋ?"

"ಬಂದ ಅತ್ತೆ. ನಿಮ್ದು ಊಟ ಆಯ್ತಾ?"

"ನನ್ನ ವಾಚಲ್ಲಿ ಒಂಬತ್ತು. ಮೇರಿ ಗಡಿಯಾರದಲ್ಲಿ ಮೂರೂವರೆ. ಕಿಟಕೀಲಿ ಬಿಸಿಲು. ಹತ್ತೂವರೆ ಗಂಟೆ ವಿಮಾನದಲ್ಲಿ ಕೂತಿದ್ದೆ ಕಣೋ. ನಿನ್ನ ಐದು ಗಂಟೆ ಆದ ತಕ್ಷಣ ಚಪ್ಪಲಿ ಮೆಟ್ಕೊಂಡು, ಬ್ಯಾಗ್ ತೊಡೆ ಮೇಲಿಟ್ಕೊಂಡು ಇಳಿಯೋಕೆ ರೆಡಿಯಾದೆ. ಪಕ್ಕದವರು ಕಿಟಕಿಯಿಂದ ಕೆಳಗೆ ನೋಡಿ, ಎಲ್ಲಿಗೆ ಅಂದ್ರು."

"ನಿಮ್ಮ ಪರವಾಗಿ ನಾನು ಇಲ್ಲಿ ಚಂದ್ರನ್ನ ನೋಡಿದೀನಿ. ನೀವು ಊಟ ಮಾಡಿ ಅತ್ತೆ."

"ಹಾಗಾದ್ರೆ ನನ್ನ ಪರವಾಗಿ ಊಟಾನೂ ನೀನೇ ಮಾಡ್ಬಿಡು."

ಮಾಡಿದೆ. ಆದರೆ ಕಡುಬು ಎರಡಕ್ಕೇ ನಿಲ್ಲಿಸಿದೆ. ಪಶ್ಚಾತ್ತಾಪಕ್ಕೂ ಒಂದು ಲಕ್ಷಣ ಬೇಕು. ಅತ್ತೆ ಮಾತ್ರ ಅಲ್ಲಿಯ ಚಂದ್ರ ಹುಟ್ಟುವವರೆಗೂ ಕಾದು, ಆಮೇಲೆಯೇ ಮೇರಿ ಮಾಡಿದ ಅನ್ನ ಸಾರು ಉಂಡರಂತೆ. ಆ ಹೊತ್ತಿಗೆ ನಮ್ಮಲ್ಲಿ ಹಾಲಿನವನು ಬರುವುದರಲ್ಲಿದ್ದ.

ಅವರು ವಾಪಸ್ ಬರುವ ದಿನವೂ ಸಂಕಷ್ಟಿಯೇ ಎಂದು ಕ್ಯಾಲೆಂಡರಿನಲ್ಲಿ ಕಂಡೆ. ಈ ಸಲ ನಾನೇ ಫೋನ್ ಮಾಡಿ, ಟಿಕೆಟ್ ಬದಲಾಯಿಸಿಬಿಡಿ ಎಂದೆ.

"ಬೇಡ ಕಣೋ," ಎಂದರು ಅತ್ತೆ. "ಹೋಗ್ತಾ ನಾನು ಚಂದ್ರನಿಗೆ ಬೆನ್ನು ತೋರಿಸಿ ಓಡ್ದೆ. ಬರ್ತಾ ಅವನೇ ಎದುರಿಗೆ ಬರ್ತಾನೆ, ವಿಮಾನದಲ್ಲೇ ಊಟ ಮುಗಿಸ್ತೀನಿ. ನೀನು ಏರ್‌ಪೋರ್ಟಿಗೆ ಬಾ. ಅಲ್ಲಿಂದ ಹಲಸೂರಿಗೆ ಎಷ್ಟು ಹೊತ್ತು ಅಂತ ಮಾತ್ರ ಹೇಳ್ಬೇಡ, ಆಟೋದವನನ್ನೇ ಕೇಳ್ಕೋತೀನಿ."