ನಿನ್ನೆಯ ನೀರು, ಇಂದಿನ ಬಾವುಟ

ಗೋಕಾಕದ ಹತ್ತಿರದ ಧುಪದಾಳದಲ್ಲಿ ನನ್ನ ಕಣ್ಣಿಗೆ ಬಿದ್ದ ಮೊದಲ ದೃಶ್ಯ ಹೀಗಿತ್ತು. ಸೊಂಟಮಟ್ಟದ ನೀರಿನಲ್ಲಿ ನಿಂತ ಮುದುಕರೊಬ್ಬರು ಒಂದೊಂದೇ ಕುರಿಯನ್ನು ಎತ್ತಿ ಹೊಳೆಗೆ ಎಸೆಯುತ್ತಿದ್ದರು. ಕುರಿ ಮುಳುಗಿ, ಎದ್ದು, ಮೂಗು ಮೇಲೆತ್ತಿಕೊಂಡು ಈಜಿ ದಡ ಸೇರುತ್ತಿತ್ತು. ಅಲ್ಲಿಂದ ಹತ್ತು ಮಾರು ಆಚೆ ನಾಲ್ಕೈದು ಹೆಂಗಸರು ಬೆನ್ನಿಗೆ ಖಾಲಿ ಪ್ಲಾಸ್ಟಿಕ್ ಡಬ್ಬಿ ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ನನ್ನ ಕೈಯಲ್ಲಿ ಮುಚ್ಚಳ ಬಿಗಿದ, ಕಾಯಿಸಿ ಶುದ್ಧ ಮಾಡಿದ ಬಾಟಲಿ ಇತ್ತು. ಜನ ಈಜುವ ನೀರಿನಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಪತ್ತೆ ಮಾಡುವುದು ನನ್ನ ಹೊಸ ಕೆಲಸ. ಪತ್ತೆ ಮಾಡುವುದೇನು ಬಂತು, ಎದುರಿಗೇ ಈಜುತ್ತಿದೆಯಲ್ಲ ಎಂದುಕೊಂಡೆ.

ಅಷ್ಟರಲ್ಲಿ ನೀರಿನೊಳಗಿಂದಲೇ ಒಬ್ಬ ಹೆಂಗಸು ಕೂಗಿದರು. "ಏನ್ರಿ, ಬಾಡಗಿ ಮನಿ ನೋಡಾಕ ಬರ್ತೇನಂದಾಕಿ ನೀವ ಏನ್ರಿ? ಒಂದೀಟ ನಿಂದರ್ರಿ, ಇನ್ನೊಂದ ಸುತ್ತ ಹಾಕಿ ಬಂದೆ!"

ನನ್ನ ಮನೆ ಒಡತಿ ನೀಲಕ್ಕ ಹೀಗೆ ಪರಿಚಯವಾದರು. ವಯಸ್ಸು ಐವತ್ತು ದಾಟಿದೆ, ಕಿರಾಣಿ ಅಂಗಡಿ ಇದೆ, ಮೊಣಕಾಲು ನೋವಿದೆ. ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದರೂ ಅವರಮ್ಮ ನೀರಿಗೆ ಇಳಿಯಲು ಬಿಟ್ಟಿರಲಿಲ್ಲವಂತೆ. ಡಾಕ್ಟರು ಮೊಣಕಾಲಿಗೆ ಈಜು ಒಳ್ಳೆಯದು ಎಂದ ಮರುದಿನವೇ ಡಬ್ಬಿ ಕಟ್ಟಿಕೊಂಡು ಇಳಿದರಂತೆ. ಹೊಳೆಯ ನಡುವೆ ಒಂದು ಕರಿಬಂಡೆ ಇದೆ. ಡಬ್ಬಿಯಿಲ್ಲದೆ ಈಜಿ ಅದನ್ನು ಮುಟ್ಟಬೇಕು, ಅವರಿಗೆ ಇದ್ದ ಆಸೆ ಅದೊಂದೇ. ಕಲಿಸುವ ಗುರು ಕುರಿ ಎಸೆಯುತ್ತಿದ್ದ ಆ ಮುದುಕರೇ, ಲಕ್ಕಪ್ಪ ಕಾಕಾ. ಕಲಿಯುವವರ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಅವರ ಕೈಯಲ್ಲಿರುತ್ತಿತ್ತು.

ನಾನು ಕುಂದಾಪುರ ಕಡೆಯವಳು. ನಮ್ಮಲ್ಲಿ ನೀರು, ಮರಳು ಎಂದರೆ ಕಡಲು ನೆನಪಾಗುತ್ತದೆ. ಕಡಲು ಏನನ್ನು ಎಸೆದರೂ ನುಂಗಿ ಉಪ್ಪು ಮಾಡಿಬಿಡುತ್ತದೆ ಎಂಬ ಧೈರ್ಯ ನಮಗೆ. ಇಲ್ಲಿಯದು ಹೊಳೆಗೆ ಅಡ್ಡ ಕಟ್ಟಿದ ಒಡ್ಡಿನ ಹಿಂದೆ ನಿಂತ ಸಿಹಿನೀರು. ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಬಿಡುವುದಿಲ್ಲ. ಬೇಸಿಗೆಯಲ್ಲಿ ಗೋಕಾಕ, ಹುಕ್ಕೇರಿ ಕಡೆಯಿಂದ ಮಕ್ಕಳು ಮರಿ ಎಲ್ಲ ಬಂದು ಇಳಿಯುವ ಜಾಗ ಇದು. ಇಲ್ಲಿ ಒಂದು ಸಣ್ಣ ಯೋಜನೆಗೆ ಆಳು ಬೇಕಾಗಿತ್ತು, ನನಗೆ ಕೆಲಸ ಬೇಕಾಗಿತ್ತು, ಬಂದೆ.

ಮನೆ ಸಿಕ್ಕಿದ್ದು ಒಂದು ಷರತ್ತಿನ ಮೇಲೆ. ಮೀನು ಇಲ್ಲ. ನೀಲಕ್ಕನದು ಬಸವಣ್ಣನ ದಾರಿಯ ಮನೆತನ, ಅಡುಗೆಮನೆಯ ಕಟ್ಟಳೆ ಬಿಗಿ. "ಕೊಳ್ಳಾಗ ಲಿಂಗ ಐತಿ, ಒಲಿ ಮ್ಯಾಲ ಮೀನ ಬ್ಯಾಡ ತಂಗಿ, ಉಳದದ್ದು ನಿನ್ನ ಮನಿ" ಅಂದರು. ಮೊದಲ ತಿಂಗಳು ಒಣಮೀನಿನ ವಾಸನೆ ಕನಸಿನಲ್ಲಿ ಬರುತ್ತಿತ್ತು. ಎರಡನೇ ತಿಂಗಳು ಬಿಸಿ ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಕೆನೆಮೊಸರು ಹಾಕಿಕೊಂಡು ತಿನ್ನುವಾಗ ಮೀನಿನ ನೆನಪು ಒಂದು ತುತ್ತು ತಡವಾಗಿ ಬಂತು. ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಲಿಲ್ಲ. ಇಲ್ಲಿನವರ ಮಾತು ಮೊದಲು ಜಗಳದ ಹಾಗೆ ಕೇಳಿಸುತ್ತಿತ್ತು. ಬಸ್ಸಿನಲ್ಲಿ ಯಾರೋ ಗದರಿದರು ಎಂದು ಹೆದರಿ ನೋಡಿದರೆ, ನನಗೆ ಕೂರಲು ಜಾಗ ಬಿಟ್ಟು ಕರೆಯುತ್ತಿರುತ್ತಿದ್ದರು. ಆದರೂ ಭಾನುವಾರದ ಸಂಜೆಗಳು ಉದ್ದವಾಗಿದ್ದವು. ಅಲೆಯ ಸದ್ದಿಲ್ಲದೆ ನಿದ್ದೆ ಬಾರದೆ ಎಷ್ಟೋ ಸಲ ಅತ್ತಿದ್ದೇನೆ.

ನನ್ನ ಕೆಲಸ ಹೀಗೆ. ಬೆಳಿಗ್ಗೆ ಹೊಳೆಗೆ ಇಳಿಯುವ ಮೆಟ್ಟಿಲ ಬಳಿ ಬಾಟಲಿಯಲ್ಲಿ ನೀರು ತುಂಬಿ, ಐಸಿನ ಡಬ್ಬಿಯಲ್ಲಿಟ್ಟು, ಗೋಕಾಕದ ಬಸ್ಸು ಹಿಡಿಯುವುದು. ಅಲ್ಲಿನ ಪುಟ್ಟ ಪ್ರಯೋಗಾಲಯದಲ್ಲಿ ಆ ನೀರನ್ನು ಸೋಸಿ, ತಟ್ಟೆಗೆ ಹಾಕಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ದಿನ ಇಡುವುದು. ಒಂದೊಂದು ಬ್ಯಾಕ್ಟೀರಿಯಾ ಬೆಳೆದು ಒಂದೊಂದು ಚುಕ್ಕಿಯಾಗುತ್ತದೆ. ಮರುದಿನ ಚುಕ್ಕಿ ಎಣಿಸಿ, ಕಡಿಮೆಯಿದ್ದರೆ ಮೆಟ್ಟಿಲ ಬಳಿಯ ಬಿದಿರು ಗಳಕ್ಕೆ ಹಸಿರು ಬಟ್ಟೆ, ಜಾಸ್ತಿಯಿದ್ದರೆ ಕೆಂಪು. ಶನಿವಾರದ ನೀರಿನ ಫಲಿತಾಂಶ ಬರುವುದು ಭಾನುವಾರ ಎಂದರ್ಥ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಕೇಳಿದವರಿಗೆ "ಹಸಿರು ಅಂದರೆ ಇಳಿಯಬಹುದು" ಎಂದಷ್ಟೇ ಹೇಳಿ, ಜಾಣೆ ಎನಿಸಿಕೊಂಡಿದ್ದೆ.

ಮಳೆಗಾಲ ಶುರುವಾಗುವ ಹೊತ್ತಿನ ಒಂದು ಭಾನುವಾರ ಹಸಿರು ಕಟ್ಟಿ ಮೆಟ್ಟಿಲ ಮೇಲೆ ನಿಂತಿದ್ದೆ. ನೀಲಕ್ಕ ಸೆರಗು ಬಿಗಿದುಕೊಂಡು ಬಂದರು. ಲಕ್ಕಪ್ಪ ಕಾಕಾ ನೀರನ್ನೇ ನೋಡುತ್ತಾ ನಿಂತಿದ್ದವರು ತಲೆ ಅಲ್ಲಾಡಿಸಿದರು.

"ಅಕ್ಕಾರ, ಇವತ್ತ ಬ್ಯಾಡ್ರಿ. ನೀರ ಬ್ಯಾರೆ ಐತಿ."

"ನಮ್ಮ ಹುಡುಗಿ ಹಸರ ಕಟ್ಟ್ಯಾಳಲ್ಲೋ ಲಕ್ಕಪ್ಪ. ಮಷೀನ ಇಟ್ಟ ನೋಡ್ಯಾಳ. ನಿನ್ನ ಕಣ್ಣಿಗಿಂತ ಅದ ಕಮ್ಮಿ ಏನ?"

ನಮ್ಮ ಹುಡುಗಿ ಎಂದರಲ್ಲ, ನಾನು ಉಬ್ಬಿಹೋದೆ. ಪರವೂರಿನಲ್ಲಿ ಆ ಮಾತು ಕೇಳಲು ಆರು ತಿಂಗಳು ಕಾದಿದ್ದೆ. ಅವರು ಡಬ್ಬಿ ಬಿಚ್ಚಿಟ್ಟು ಇಳಿದು, ಬಂಡೆಯ ದಿಕ್ಕಿಗೆ ಅರ್ಧ ದಾರಿ ಹೋಗಿ, ನಾಲ್ಕು ಗುಟುಕು ನೀರು ಕುಡಿದು ಬಂದರು.

ಮರುದಿನದಿಂದ ವಾಂತಿ, ಭೇದಿ, ಜ್ವರ. ಮೂರು ದಿನ ದವಾಖಾನೆಯಲ್ಲಿ ಸಲೈನ್ ಹಚ್ಚಿದರು. ಭಾನುವಾರ ನಾನು ತುಂಬಿದ್ದ ನೀರಿನ ತಟ್ಟೆಯನ್ನು ಸೋಮವಾರ ತೆಗೆದು ನೋಡಿದರೆ ಎಣಿಸಲಾಗದಷ್ಟು ಚುಕ್ಕಿ. ಶನಿವಾರ ಇಳಿಹೊತ್ತಿನಲ್ಲಿ ಹುಕ್ಕೇರಿ ಕಡೆ ಜೋರು ಮಳೆಯಾಗಿ, ಊರೂರಿನ ಚರಂಡಿ, ಕೊಟ್ಟಿಗೆಗಳ ಹೊಲಸೆಲ್ಲ ಹೊಳೆಗೆ ಇಳಿದಿತ್ತು. ನಾನು ಕಟ್ಟಿದ್ದ ಹಸಿರು ಬಟ್ಟೆ ಆ ಮಳೆಗಿಂತ ಮೊದಲಿನ ನೀರಿನದು.

ಮಂಚದ ಬಳಿ ಕೂತು ಎಲ್ಲ ಹೇಳಿದೆ. ನೀಲಕ್ಕ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಇರಲಿ ಬಿಡ ತಂಗಿ. ಒಂದ ಮಾತ ಹೇಳ್ತೇನಿ ಕೇಳ. ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನು. ಹಸರ ಬಟ್ಟಿ ಕಟ್ಟಬ್ಯಾಡ."

ಗುಣವಾದ ಮೇಲೂ ಅವರು ಭಾನುವಾರ ತಪ್ಪದೆ ಮೆಟ್ಟಿಲಿಗೆ ಬರುತ್ತಿದ್ದರು. ಬಂದು ಕೂರುತ್ತಿದ್ದರು. ಉಳಿದವರ ಚಪ್ಪಲಿ, ಟವೆಲ್ ಕಾಯುತ್ತಿದ್ದರು. ನೀರಿಗೆ ಮಾತ್ರ ಕಾಲಿಡಲಿಲ್ಲ. ಬಂಡೆಯ ಮಾತೂ ಎತ್ತಲಿಲ್ಲ.

ಕೊನೆಗೆ ಲಕ್ಕಪ್ಪ ಕಾಕಾನ ಹತ್ತಿರ ಹೋಗಿ, ಆ ದಿನ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವರು ನಕ್ಕರು.

"ನಿನ್ನ ಪೆಟಗಿ ಇವತ್ತಿನ ಮಾತ ನಾಳಿ ಹೇಳತೈತಿ. ನನ್ನ ಕುರಿ ನೀರ ಕುಡಿಯೂದು ಇವತ್ತ, ತಂಗಿ."

ಆಮೇಲೆ ದಿನಾ ಬೆಳಿಗ್ಗೆ ಒಂದೊಂದೇ ತೋರಿಸಿದರು. ದಂಡೆಗೆ ನೊರೆ ಹತ್ತಿದೆಯೇ. ಕಬ್ಬಿನ ಒಣಗರಿ ತೇಲಿ ಬರುತ್ತಿದೆಯೇ, ಬಂದರೆ ಮೇಲೆ ಎಲ್ಲೋ ಹೊಲ ತೊಳೆದುಹೋಗಿದೆ ಎಂದು ಅರ್ಥ. ಕೊಕ್ಕರೆಗಳ ಹಿಂಡು ಮೆಟ್ಟಿಲ ಹತ್ತಿರ ಕೂತಿದೆಯೋ, ಆಚೆ ನಡುಗಡ್ಡೆಯಲ್ಲೋ; ಹತ್ತಿರ ಕೂತರೆ ಅವುಗಳ ಹೊಲಸೂ ಈಜುವ ನೀರಿಗೇ. ಒಡ್ಡಿನ ಮೇಲೆ ನೀರು ಬೀಳುವ ಸದ್ದು ನಿನ್ನೆಗಿಂತ ದಪ್ಪವಾಗಿದೆಯೇ. ಜೊತೆಗೆ ಹುಕ್ಕೇರಿ ಕಡೆ ಕುರಿ ಮೇಯಿಸುವ ಬೀಗರಿಗೆ ಒಂದು ಫೋನು: "ಏನೋ, ಮಳಿ ಆತೇನ?" ನಮ್ಮ ತರಬೇತಿಯ ಪುಸ್ತಕದಲ್ಲಿ ಮಳೆ, ನೀರಿನ ರಾಡಿ, ಹಕ್ಕಿಗಳ ಲೆಕ್ಕ ನೋಡಿ ಮುಂದಾಗಿ ಅಂದಾಜು ಮಾಡಬೇಕು ಎಂದು ಬರೆದಿದ್ದದ್ದು ಇದನ್ನೇ. ಓದಿದ್ದೆ. ಆದರೆ ಅದನ್ನು ಇಷ್ಟು ನಿರಾಯಾಸವಾಗಿ ಬದುಕುವ ಮನುಷ್ಯರನ್ನು ಕಂಡಿರಲಿಲ್ಲ. ಆ ದಿನದಿಂದ ಅವರ ಮೇಲೆ ನನಗೆ ಹುಟ್ಟಿದ ಗೌರವಕ್ಕೆ ಮಿತಿಯಿಲ್ಲ.

ಒಂದು ನೋಟ್‌ಬುಕ್ ಮಾಡಿದೆ. ಬೆಳಿಗ್ಗೆ ಕಾಕಾ "ಹೂಂ" ಅಥವಾ "ಬ್ಯಾಡ" ಎನ್ನುತ್ತಿದ್ದರು. ನಾನು ಮಳೆ ಅಳೆದು, ಉದ್ದ ಗಾಜಿನ ಕೊಳವೆಯಲ್ಲಿ ನೀರು ತುಂಬಿ ತಳದ ಕರಿಗುರುತು ಎಲ್ಲಿವರೆಗೆ ಕಾಣುತ್ತದೆ ಎಂದು ನೋಡಿ, ನನ್ನ ಅಂದಾಜನ್ನೂ ಬರೆಯುತ್ತಿದ್ದೆ. ಮರುದಿನ ತಟ್ಟೆಯ ಚುಕ್ಕಿ ಬಂದು ಯಾರು ಸರಿ ಎಂದು ಹೇಳುತ್ತಿತ್ತು. ಹೆಚ್ಚು ಸಲ ಕಾಕಾನೇ ಗೆದ್ದರು.

ನಾವಿಬ್ಬರೂ ಬೇಡ ಎಂದ ಮೊದಲ ದಿನ ನಾನು ಕೆಂಪು ಬಟ್ಟೆ ಕಟ್ಟಿದೆ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾಕಾ ಹೆಗಲ ಮೇಲಿನ ಕರಿಕಂಬಳಿ ತೆಗೆದು, ಮಡಿಚಿ, ಇಳಿಯುವ ಮೆಟ್ಟಿಲಿಗೆ ಅಡ್ಡಲಾಗಿ ಹಾಸಿದರು. ಕುರಿ ಕಾಯುವ ಅವರ ಜನರಲ್ಲಿ ದೇವರನ್ನು, ಗುರುವನ್ನು ಕೂರಿಸುವುದು ಕಂಬಳಿಯ ಮೇಲೆ. ಹಾಸಿದ ಕಂಬಳಿಯನ್ನು ತುಳಿದು ಯಾರೂ ದಾಟುವುದಿಲ್ಲ. ಅಂದು ಒಬ್ಬರೂ ದಾಟಲಿಲ್ಲ. ಅಂದಿನಿಂದ ನಮ್ಮ ಕೆಂಪು ಬಾವುಟ ಕಂಬಳಿಯೇ ಆಯಿತು.

ಉಣ್ಣೆ ಕತ್ತರಿಸುವ ಕಾಲ ಬಂದಾಗ ಮಾತ್ರ ಕಾಕಾನ ಕಣ್ಣು ಸೋಲತೊಡಗಿತು. ಕತ್ತರಿಸುವ ಮೊದಲು ಕುರಿಯ ಮೈ ತೊಳೆಯುವುದು ವಾಡಿಕೆ. ನಾನು ಬಂದ ದಿನ ಕಂಡದ್ದು ಅದನ್ನೇ. ನೀರು ತಿಳಿಯಾಗಿತ್ತು, ಮಳೆಯಿರಲಿಲ್ಲ, ಕಾಕಾ "ಹೂಂ" ಎನ್ನುತ್ತಿದ್ದರು, ತಟ್ಟೆ ಮಾತ್ರ ಚುಕ್ಕಿಯಿಂದ ತುಂಬಿರುತ್ತಿತ್ತು. ನೋಟ್‌ಬುಕ್ ತಿರುವಿ ನೋಡಿದರೆ ಅವೆಲ್ಲ ಅವರ ಕುರಿ ತೊಳೆದ ದಿನಗಳು; ಉಣ್ಣೆಗೆ ಅಂಟಿದ ಹಿಕ್ಕೆ ನೀರಿಗೆ ಬಿಡುತ್ತಿತ್ತು. ಇದೇ ಹಿಕ್ಕೆಯ ಗೊಬ್ಬರಕ್ಕಾಗಿ ಮೂಡಲಗಿಯ ರೈತರು ಅವರನ್ನು ಕರೆಸಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಅಲ್ಲಿ ಚಿನ್ನ, ಇಲ್ಲಿ ರೋಗ. ಇದನ್ನು ಗುರುವಿಗೆ ಹೇಗೆ ಹೇಳಲಿ? ಒಂದು ವಾರ ನುಂಗಿಕೊಂಡೆ. ಆಮೇಲೆ ನೀಲಕ್ಕ ಮಂಚದಲ್ಲಿ ಮಲಗಿದ್ದು ನೆನಪಾಗಿ, ನೋಟ್‌ಬುಕ್ ಹಿಡಿದು ಹೋಗಿ ಹೇಳಿದೆ.

ಕಾಕಾ ನೋಟ್‌ಬುಕ್ ಮಡಚಿ ನನ್ನ ಕೈಗಿಟ್ಟರು. "ನಮ್ಮಪ್ಪ, ಅವರಪ್ಪ ಇಲ್ಲೇ ತೊಳದಾರ" ಅಂದರು. ಎದ್ದು ಹೋದರು.

ಮರುದಿನ ಮೆಟ್ಟಿಲ ಬಳಿ ಅವರಿಲ್ಲ, ಕುರಿಯಿಲ್ಲ. ಕೆಟ್ಟೆ ಎಂದುಕೊಂಡೆ. ಹುಡುಕುತ್ತಾ ಹೊಳೆ ಹರಿಯುವ ದಿಕ್ಕಿನಲ್ಲಿ ನಡೆದರೆ, ಯಾರೂ ಸ್ನಾನಕ್ಕೆ ಇಳಿಯದ ತಿರುವಿನಲ್ಲಿ, ಮಂಡಿಯುದ್ದ ಕೆಸರಿನಲ್ಲಿ ನಿಂತು ಕಾಕಾ ಕಲ್ಲು ಜೋಡಿಸುತ್ತಿದ್ದರು. ಕುರಿ ಜಾರದಂತೆ ಇಳಿಜಾರು ಕಟ್ಟುತ್ತಿದ್ದರು.

"ಕುರಿಗಿ ಯಾವ ಕಲ್ಲಾದ್ರ ಏನ? ನೀಲಕ್ಕಾರಿಗಿ ಅವತ್ತ ಗಟ್ಟಿಯಾಗಿ ಬ್ಯಾಡ ಅನ್ನಲಿಲ್ಲ ನಾ. ನಂದೂ ತಪ್ಪೈತಿ. ನಿಂತಿ ಯಾಕ, ಆ ಕಲ್ಲ ತಾ."

ಕಣ್ಣೊರೆಸಿಕೊಂಡು ಕಲ್ಲು ಹೊತ್ತೆ. ಓದಿದವಳೆಂಬ ಸೊಕ್ಕು ನನ್ನಲ್ಲಿ ಎಷ್ಟಿತ್ತೋ ಅದೆಲ್ಲ ಆ ಕೆಸರಿಗೆ ಹೋಯಿತು.

ಈಗ ರಜೆಯಲ್ಲಿ ಕುಂದಾಪುರಕ್ಕೆ ಬಂದು ಇದನ್ನು ಬರೆಯುತ್ತಿದ್ದೇನೆ. ಮೀನೂಟ ಹೊಟ್ಟೆ ತುಂಬ ಆಗಿದೆ. ಎರಡನೇ ದಿನಕ್ಕೇ "ರೊಟ್ಟಿ ಇಲ್ಲವಾ" ಎಂದು ಕೇಳಿ ಅಮ್ಮನ ಕೈಯಿಂದ ಬೈಸಿಕೊಂಡದ್ದೂ ಆಗಿದೆ. ಇವತ್ತು ಭಾನುವಾರ. ಬೆಳಿಗ್ಗೆ ತಂಗಿಯ ಜೊತೆ ನಮ್ಮೂರ ಹೊಳೆಯ ದಂಡೆಯಲ್ಲಿದ್ದಾಗ ನೀಲಕ್ಕನ ಫೋನು ಬಂತು.

"ಲಕ್ಕಪ್ಪ ಮೂಡಲಗಿ ಕಡೆ ಕುರಿ ಹೊಡ್ಕೊಂಡ ಹೋಗ್ಯಾನ. ಹೆಣ್ಮಕ್ಕಳೆಲ್ಲಾ ಬಂದಾರ. ಹಗ್ಗನೂ ಐತಿ. ನೀ ಹೇಳು, ಇವತ್ತ ಇಳೀಲೇನ?"

ನಾನು ಒಂದೊಂದೇ ಕೇಳುತ್ತಾ ಹೋದೆ, ಅವರು ನೋಡಿ ಹೇಳಿದರು. ಹುಕ್ಕೇರಿ ಕಡೆ ಮಳೆ? ಮೂರು ದಿನದಿಂದ ಇಲ್ಲ. ನೊರೆ? ಇಲ್ಲ. ಕೊಕ್ಕರೆ? ನಡುಗಡ್ಡೆಯಲ್ಲಿ. ನೀರೊಳಗಿನ ಮೆಟ್ಟಿಲು ಎಷ್ಟು ಕಾಣುತ್ತವೆ? "ಮೂರೂ ಕಾಣಾಕತ್ತಾವ." ಕುರಿ? ಎಲ್ಲ ಮೂಡಲಗಿಯಲ್ಲಿ.

"ಇಳೀರಿ ಅಕ್ಕಾರ" ಅಂದೆ.

ಅವರು ಫೋನನ್ನು ಹಾಗೇ ಮೆಟ್ಟಿಲ ಮೇಲಿಟ್ಟರು. ದುಡುಂ ಎಂದು ಸದ್ದಾಯಿತು. ಹೆಂಗಸರ ಕೂಗು, ಕೈ ಬಡಿಯುವ ಸದ್ದು, ಆಮೇಲೆ ಏನೂ ಕೇಳಿಸಲಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದೆ. ಬಹಳ ದೂರದಿಂದ, ನೀರಿನ ನಡುವಿನಿಂದ, ಆ ದನಿ ಬಂತು.

"ಮುಟ್ಟಿದ್ನಿ! ಡಬ್ಬಿ ಇಲ್ಲದ ಮುಟ್ಟಿದ್ನಿ, ಹೇಳ್ರೆ ಆ ಹುಡುಗಿಗಿ!"

ನಾನು ನಗುತ್ತಾ ಅಳುತ್ತಾ ನಿಂತಿರುವುದನ್ನು ನೋಡಿ ತಂಗಿಗೆ ಗಾಬರಿ. ಸಮಾಧಾನವಾದ ಮೇಲೆ ಚಪ್ಪಲಿ ಕಳಚಿ, "ಇಲ್ಲಿ ಇಳಿಬಹುದಾ?" ಎಂದು ಕೇಳಿದಳು. ನಾನು ಈಜು ಕಲಿತ ಹೊಳೆ ಅದು. ನೀರು ನೋಡಿದೆ. ದಂಡೆಯ ನೊರೆ ಕಡಲ ಉಬ್ಬರದ್ದೋ ಹೊಲಸಿನದ್ದೋ ತಿಳಿಯಲಿಲ್ಲ. ಮೇಲೆ ಎಲ್ಲಿ ಮಳೆಯಾದರೆ ಇಲ್ಲಿ ಏನು ಬರುತ್ತದೆ ಎಂದು ಕೇಳಲು ಈ ಊರಿನಲ್ಲಿ ನನಗೆ ಒಬ್ಬ ಲಕ್ಕಪ್ಪ ಕಾಕಾ ಇಲ್ಲ.

"ಗೊತ್ತಿಲ್ಲ" ಅಂದೆ.

"ಎಂಥ ಮಾರಾಯ್ತಿ, ಇದು ನಿನ್ನ ಊರೇ ಅಲ್ದಾ?" ಅಂದಳು ತಂಗಿ.