ಒಂಬತ್ತು ಪುಟದ ರಾಕ್ಷಸ

ದೊಡ್ಡನೆಕ್ಕುಂದಿಯ ನಮ್ಮ ಮನೆಯ ಹಿಂದೆ ಏಳು ರೂಮುಗಳಿವೆ. ನಮ್ಮಮ್ಮ ರಾಗಿ ಹೊಲ ಮಾರಿ ಕಟ್ಟಿಸಿದ್ದು. ಏಳರಲ್ಲೂ ಇರುವವರು ಯಾದಗಿರಿ, ರಾಯಚೂರು ಕಡೆಯವರು. ಮೊದಲು ಒಬ್ಬ ಬಂದ, ಆಮೇಲೆ ಅವನ ಭಾವಮೈದುನ ಬಂದ, ಆಮೇಲೆ ಭಾವಮೈದುನನ ಊರೇ ಬಂತು. ಈಗ ನನ್ನ ಸ್ವಂತ ವಠಾರದಲ್ಲಿ ನಾನೇ ಹೊರಗಿನವಳು. ನಲ್ಲಿಯ ಹತ್ತಿರ ಜಗಳವಾದರೆ ಅರ್ಧ ಮಾತು ನನಗೆ ತಿಳಿಯುವುದಿಲ್ಲ. ಹಾಗಾಗಿ ತೀರ್ಪು ಹೇಳುವುದು ಸುಲಭ, ಇಬ್ಬರಿಗೂ ಬೈಯುತ್ತೇನೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದ ಬಾಯಿ ಇದು. ಹೆಸರು ಯಮುನಾ. ಅವರೆಲ್ಲ ನನ್ನನ್ನು ‘ಅಕ್ಕೋರು’ ಅನ್ನುತ್ತಾರೆ, ಅವರ ಕಡೆ ಟೀಚರನ್ನು ಹಾಗೆ ಕರೆಯುವುದಂತೆ.

ಮೂರನೇ ರೂಮಿನವನು ಬಸಣ್ಣ. ಸುರಪುರದ ಕಡೆಯವನು, ವಯಸ್ಸು ನಲವತ್ತಾರು. ಸಿ.ವಿ. ರಾಮನ್ ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ. ಹೆಂಡತಿ ಜಟ್ಟೆಮ್ಮ ಅಲ್ಲೇ ಹತ್ತಿರದ ಆಫೀಸಿನಲ್ಲಿ ಹೌಸ್‌ಕೀಪಿಂಗ್. ಬಸಣ್ಣ ಮೆತ್ತಗಿನ ಆಸಾಮಿ. ದಿನಕ್ಕೆ ಹನ್ನೆರಡು ಗಂಟೆ ಗೇಟಿನಲ್ಲಿ ನಿಂತು ಎರಡೇ ಮಾತು ಆಡುತ್ತಾನೆ, ‘ಯಾವ ಫ್ಲ್ಯಾಟ್ ಸರ್?’ ಮತ್ತು ‘ಇಲ್ಲಿ ಸೈನ್ ಮಾಡ್ರಿ ಸರ್.’ ಮನೆಯಲ್ಲೂ ಅವನ ದನಿ ಏರಿದ್ದು ನಾನು ಕೇಳಿಲ್ಲ. ಬಚ್ಚಲಮನೆಯೊಂದು ಬಿಟ್ಟು. ಬೆಳಗಿನ ಐದೂವರೆಗೆ ಅಲ್ಲಿಂದ ‘ಎಲೈ ಸಾರಥೀ!’ ಎಂದು ಗುಡುಗುತ್ತಾನೆ. ಮೊದಲ ದಿನ ನಾನು ಹಾಲಿನ ಪಾತ್ರೆ ಕೈಬಿಟ್ಟೆ.

“ಏನಯ್ಯಾ ಅದು, ಬೆಳಬೆಳಗ್ಗೆ?” ಎಂದು ಅವನನ್ನು ಹಿಡಿದು ನಿಲ್ಲಿಸಿದೆ.

“ತಪ್ಪಾತ್ರಿ ಅಕ್ಕೋರ. ಬಯಲಾಟದಾಗಿನ ರಾಕ್ಷಸನ ಮಾತ್ರಿ ಅವು.”

ಇಪ್ಪತ್ತೆರಡನೇ ವಯಸ್ಸಿನಲ್ಲಿ ಊರಿನ ಬಯಲಾಟದಲ್ಲಿ ಬಸಣ್ಣನಿಗೆ ಘೋರಕೇತು ಎಂಬ ರಾಕ್ಷಸನ ಪಾತ್ರ ಕೊಟ್ಟಿದ್ದರು. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರಾಗಿ ನೀನು ಯಾರು, ಎಲ್ಲಿಯವನು ಎಂದು ಕೇಳಬೇಕು, ಪಾತ್ರಧಾರಿ ತನ್ನ ಕುಲ, ಊರು, ಪರಾಕ್ರಮ ಎಲ್ಲ ಹೇಳಿಕೊಳ್ಳಬೇಕು. ಅದು ಆಟದ ಪದ್ಧತಿ. ಘೋರಕೇತು ಹೇಳಿಕೊಳ್ಳುವುದು ಒಂಬತ್ತು ಪುಟ. ಮೂರು ತಿಂಗಳು ತಾಲೀಮು ಮಾಡಿ ಬಾಯಿಪಾಠ ಮಾಡಿದ್ದ. ಆಟದ ದಿನವೇ ಊರಿನ ಗೌಡರ ತಾಯಿ ತೀರಿಕೊಂಡರು. ಊರಲ್ಲಿ ಹೆಣವಿದ್ದಾಗ ಮದ್ದಳೆ ಬಡಿಯುವ ಹಾಗಿಲ್ಲ. ಮುಂದಿನ ತಿಂಗಳು ಬಸಣ್ಣ ಬೆಂಗಳೂರಿನ ಬಸ್ಸು ಹತ್ತಿದ.

“ಮಾತು ಬಾಯಾಗ ಉಳದಾವ್ರಿ ಅಕ್ಕೋರ. ಇಪ್ಪತ್ನಾಕು ವರ್ಷ ಆತು. ಒಮ್ಮೆ ಮಂದಿ ಮುಂದ ಅಂದುಬಿಟ್ರ ಸಾಕ್ರಿ, ಹೊಟ್ಟಿ ಹಗುರಾಗ್ತದ,” ಎಂದ.

“ಜೋರಾಗಿ ಅನ್ನಬೇಡ. ಹಾಲು ಲೀಟರಿಗೆ ಎಷ್ಟಾಗಿದೆ ಗೊತ್ತಾ?” ಎಂದು ನಾನು ಒಳಗೆ ಬಂದೆ.

ರಜೆಯ ದಿನ ಏನು ಮಾಡಬೇಕು ಎಂದು ಈ ದಂಪತಿ ಬೆಂಗಳೂರಿನಲ್ಲಿ ಹುಡುಕದ ಜಾಗವಿಲ್ಲ. ಹಲಸೂರು ಕೆರೆಗೆ ಹೋಗಿ ಬೇಲಿಯಾಚೆಯ ನೀರು ನೋಡಿ ಬಂದರು. ಶಿವಾಜಿನಗರಕ್ಕೆ ಹೋಗಿ ಜನ ನೋಡಿ ಬಂದರು. ಇಂದಿರಾನಗರದ ನೂರಡಿ ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ನಡೆದರು. ಜಟ್ಟೆಮ್ಮನ ಚಪ್ಪಲಿ ಕಿತ್ತುಹೋಯಿತು. ಅಷ್ಟು ಅಂಗಡಿಗಳ ನಡುವೆ ಚಪ್ಪಲಿ ಹೊಲಿಯುವವನೊಬ್ಬ ಸಿಗಲಿಲ್ಲ. ಒಮ್ಮೆ ಮಾಲ್‌ಗೂ ಹೋದರು. ಬಾಗಿಲಲ್ಲಿ ಬಸಣ್ಣನ ಮೈ ತಡವಿ ತಪಾಸಣೆ ಮಾಡಿದ ಸೆಕ್ಯೂರಿಟಿ ಸೇಡಂ ಕಡೆಯವನು. ಇಬ್ಬರೂ ಶಿಫ್ಟಿನ ವಿಷಯ ಮಾತಾಡುತ್ತ ಬಾಗಿಲಲ್ಲೇ ನಿಂತರು, ಒಳಗೆ ಹೋಗುವುದು ಮರೆತುಹೋಯಿತು.

“ಮಾಲ್ ಹೇಗಿತ್ತಯ್ಯಾ?” ಎಂದು ಕೇಳಿದೆ.

“ಚೊಲೊ ಅದ್ರಿ. ಅಲ್ಲೂ ಹನ್ನೆರಡು ತಾಸೇ ಡ್ಯೂಟಿ.”

“ಅದಲ್ಲ ಮಾರಾಯ, ಮಜಾ ಬಂತಾ ಅಂತ.”

“ಈ ಊರಾಗ ಮಜಾ ಅಂದ್ರ ಬರೇ ನೋಡೋದ್ರಿ ಅಕ್ಕೋರ. ಮಾಡೋದು ಏನೂ ಇಲ್ಲ.”

ಈ ಮಾತು ಐದನೇ ರೂಮಿನ ಈರೇಶನ ಕಿವಿಗೆ ಬಿತ್ತು. ಈರೇಶ ಗೋಡೆಗೆ ಬಣ್ಣ ಹೊಡೆಯುವವನು, ಮಾತಿನ ಮಲ್ಲ. “ಹಂಗಾರ ನಾವೇ ಆಟ ಆಡೂಣು,” ಎಂದ. ಸಾರಥಿ ತಾನೇ ಎಂದು ಅವನೇ ತೀರ್ಮಾನಿಸಿದ. ಕಾಂಕ್ರೀಟ್ ಲಾರಿ ಓಡಿಸುವ ಭೀಮು ರಾಕ್ಷಸನನ್ನು ಕೊಲ್ಲುವ ರಾಜಕುಮಾರನಾದ. ರಾಕ್ಷಸ ಯಾರು ಎಂದು ಯಾರೂ ಕೇಳಲೇ ಇಲ್ಲ.

ತಾಲೀಮು ನಮ್ಮ ತಾರಸಿಯ ಮೇಲೆ, ಪ್ರತಿ ಭಾನುವಾರ ಸಂಜೆ, ಬಸಣ್ಣನ ಡ್ಯೂಟಿ ಮುಗಿದ ಮೇಲೆ. ಪಕ್ಕದ ಮನೆಯ ಮಾರಿಯಾ ಕಾಂಪೌಂಡಿನಿಂದ ಕತ್ತು ಚಾಚಿ, “ಟೀಚರ್, ಎವೆರಿ ಸಂಡೇ ಯಾರನ್ನ ಕೊಲ್ತಿದೀರಾ ನಿಮ್ಮನೇಲಿ?” ಎಂದಳು.

“ಒಬ್ಬನನ್ನೇ. ಸಾಯ್ತಿಲ್ಲ ಅವನು,” ಎಂದೆ.

ಊರಿನಲ್ಲಾದರೆ ಈ ಆಟ ರಾತ್ರಿ ಶುರುವಾದರೆ ಬೆಳಗಾಗುವವರೆಗೂ ನಡೆಯುತ್ತದೆ. ಇಲ್ಲಿ ರಾತ್ರಿ ಮೈಕಿಗೆ ಅನುಮತಿಯಿಲ್ಲ, ಅರ್ಧ ಜನಕ್ಕೆ ರಾತ್ರಿ ಪಾಳಿ ಬೇರೆ. ಹತ್ತಿರದ ಸಮುದಾಯ ಭವನ ಸಿಕ್ಕಿದ್ದು ಒಂದು ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಒಂದು ಗಂಟೆಯವರೆಗೆ. ಆಮೇಲೆ ಅಲ್ಲಿ ಯಾರದೋ ಮಗುವಿನ ನಾಮಕರಣವಿತ್ತು. ಎಂಟು ಗಂಟೆಯ ಆಟ ನಾಲ್ಕಕ್ಕೆ ಇಳಿಯಬೇಕು. ಕೆಂಪು ಪೆನ್ನು ನನ್ನ ಹತ್ತಿರ ತಾನೇ ಇರುವುದು? ಆಟದ ಮಾತೆಲ್ಲ ಬರೆದಿದ್ದ ನೋಟ್‌ಬುಕ್ಕು ನನ್ನ ಮಡಿಲಿಗೆ ಬಂತು.

ಕಾಡಿನ ವರ್ಣನೆ ಹೊಡೆದುಹಾಕಿದೆ. ರಾಣಿ ಅಳುವ ಹಾಡು ಐದಿದ್ದವು, ಒಂದಕ್ಕಿಳಿಸಿದೆ. ಘೋರಕೇತುವಿನ ಒಂಬತ್ತು ಪುಟಕ್ಕೆ ಉದ್ದಕ್ಕೂ ಗೀಟೆಳೆದು ಒಂದೇ ಸಾಲು ಬರೆದೆ: ‘ಶಿಲಾವತಿ ಪಟ್ಟಣದ ಘೋರಕೇತು ನಾನು, ಬಾ ಯುದ್ಧಕ್ಕೆ.’

ಬಸಣ್ಣ ಆ ಪುಟ ನೋಡುತ್ತ ನಿಂತ. “ಇಷ್ಟೇ ಏನ್ರಿ?”

“ಇಷ್ಟೇ. ನೀನು ಬರುವುದು ಕೊನೆಗೆ. ಅಷ್ಟು ಹೊತ್ತಿಗೆ ಎಲ್ಲರಿಗೂ ಹಸಿವಾಗಿರುತ್ತದೆ.”

“ಆತ್ರಿ,” ಎಂದು ನೋಟ್‌ಬುಕ್ಕು ವಾಪಸು ಕೊಟ್ಟು ಹೋದ.

ಮರುದಿನ ಬಚ್ಚಲಮನೆಯಿಂದ ಬರೀ ನೀರಿನ ಸದ್ದು. ಅದರ ಮರುದಿನವೂ ಅಷ್ಟೇ. ನಾಲ್ಕು ದಿನ ಹೀಗೇ ಆಯಿತು. ಐದನೆಯ ದಿನ ಐದೂವರೆಗೆ ನಾನೇ ಎದ್ದು ಕಿವಿಗೊಟ್ಟು ಕೂತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಅವನನ್ನು ಕರೆದು, ಎದುರಿಗೆ ಗಡಿಯಾರ ಇಟ್ಟುಕೊಂಡು ಒಂಬತ್ತೂ ಪುಟ ಹೇಳಿಸಿದೆ. ಇಪ್ಪತ್ತೆಂಟು ನಿಮಿಷ.

“ನೋಡು ಬಸಣ್ಣ, ಹನ್ನೆರಡೂಕಾಲರ ಒಳಗೆ ನಿನ್ನ ಪ್ರವೇಶವಾದರೆ ಒಂಬತ್ತೂ ಪುಟ ಹೇಳು. ಒಂದು ನಿಮಿಷ ತಡವಾದರೂ ಒಂದೇ ಸಾಲು, ಯುದ್ಧ, ಸಾವು, ಮಂಗಳ. ಒಪ್ಪಿಗೆಯಾ?”

ಒಪ್ಪಿ ತಲೆಯಾಡಿಸಿದ. ಮರುದಿನ ಬಚ್ಚಲು ಮತ್ತೆ ಗುಡುಗಿತು. ಬೈಯಲಿಲ್ಲ.

ಆಟದ ದಿನ ಬಂತು. ಬಸಣ್ಣ ಎರಡು ಪಾಳಿ ಒಟ್ಟಿಗೆ ದುಡಿದು ರಜೆ ಗಿಟ್ಟಿಸಿದ್ದ. ಮರದ ಕಿರೀಟ, ಭುಜಕೀರ್ತಿಗಳು ಊರಿನಿಂದ ಗೋಣಿಚೀಲದಲ್ಲಿ ಬಸ್ಸಿನಲ್ಲಿ ಬಂದಿದ್ದವು. ಭವನದ ಮ್ಯಾನೇಜರ್ ಮಧುಕರ್ ಎಂಬಾತ ಬೆಳಿಗ್ಗೆಯೇ ನನ್ನ ಹತ್ತಿರ ಬಂದು, “ಮೇಡಂ, ಒಂದ್ ಗಂಟೆ ಅಂದ್ರೆ ಒಂದ್ ಗಂಟೆ. ಮೇನ್ ಸ್ವಿಚ್ ಆಫ್ ಮಾಡ್ಬಿಡ್ತೀನಿ, ಆಮೇಲೆ ಬೇಜಾರ್ ಮಾಡ್ಕೋಬಾರ್ದು,” ಎಂದ. ನಾನು ಗಡಿಯಾರ ತೋರಿಸಿ, ಚಿಂತೆ ಬೇಡ ಎಂದೆ. ಒಂಬತ್ತಕ್ಕೆ ಸರಿಯಾಗಿ ಶುರು ಮಾಡಿಸಿದೆ. ಹತ್ತು ಗಂಟೆಗೆ ನನ್ನ ಲೆಕ್ಕಕ್ಕಿಂತ ಮೂರು ನಿಮಿಷ ಮುಂದಿದ್ದೆವು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹತ್ತೂ ಐದಕ್ಕೆ ರಾಣಿ ಅಳಲು ಶುರು ಮಾಡಿದಾಗ, ನೋಡುತ್ತ ಕೂತಿದ್ದವರಲ್ಲಿ ಒಬ್ಬ ಎದ್ದು ಸೀದಾ ರಂಗದ ಮೇಲೆ ಹೋಗಿ ರಾಣಿಯ ಹೆಗಲಿಗೆ ಟವೆಲ್ ಹೊದಿಸಿದ. ರಾಣಿ ಅಳು ನಿಲ್ಲಿಸಿ ಕೈಮುಗಿದಳು. ಮದ್ದಳೆ ನಿಂತಿತು. ಈರೇಶ ಮೈಕ್ ಹಿಡಿದು ಟವೆಲ್ ಕೊಟ್ಟವನ ಹೆಸರು, ಅವನ ಅಪ್ಪನ ಹೆಸರು, ಊರು, ಈಗ ಬೆಂಗಳೂರಿನಲ್ಲಿ ಯಾವ ಕೆಲಸ, ಇಷ್ಟನ್ನೂ ರಾಗವಾಗಿ ಸಾರಿದ. ಆಮೇಲೆ ಮತ್ತೊಬ್ಬ ಎದ್ದ. ಅವನ ಹಿಂದೆ ಆರು ಜನ.

“ಏನೋ ಇದು?” ಎಂದು ರಂಗದ ಪಕ್ಕದಿಂದ ಈರೇಶನನ್ನು ಕೇಳಿದೆ.

“ಆಹೇರಿ ರೀ ಅಕ್ಕೋರ. ಪಾತ್ರದವರಿಗೆ ಮಂದಿ ಮರ್ಯಾದಿ ಮಾಡೋದು.”

“ಇದನ್ನು ನನಗೆ ಯಾಕೆ ಮೊದಲೇ ಹೇಳಲಿಲ್ಲ?”

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಆಹೇರಿ ಇಲ್ಲದ ಆಟ ಎಲ್ಲ್ಯರ ಇರ್ತದೇನ್ರಿ?”

ಬೇಡ ಎನ್ನುವ ಹಾಗಿಲ್ಲ, ಕೊಟ್ಟವರಿಗೆ ಅವಮಾನ. ಒಟ್ಟಿಗೆ ಸಾರುವ ಹಾಗಿಲ್ಲ, ಪ್ರತಿಯೊಬ್ಬನ ಹೆಸರೂ ಬೇರೆಯಾಗಿಯೇ ಮೈಕಿನಲ್ಲಿ ಬರಬೇಕು. ಈ ಊರಿನಲ್ಲಿ ಅವರ ಹೆಸರು ಅಪ್ಪನ ಹೆಸರಿನ ಸಮೇತ ಮೈಕಿನಲ್ಲಿ ಬಂದದ್ದು ಅದೇ ಮೊದಲಿರಬೇಕು, ಒಬ್ಬೊಬ್ಬರೂ ಎರಡೆರಡು ಸಲ ಬಂದರು. ಟವೆಲ್ ಮುಗಿದ ಮೇಲೆ ಅಂಗಿಬಟ್ಟೆ ಬಂತು, ಒಂದು ಸ್ಟೀಲ್ ಬಕೆಟ್ ಬಂತು. ಕುರ್ಚಿ ತಂದುಕೊಂಡು ಮುಂದೆ ಕೂತಿದ್ದ ಮಾರಿಯಾ ಕೂಡ ಪರ್ಸಿನಿಂದ ಹೊಸ ಕರ್ಚೀಫು ತೆಗೆದು ಕೊಟ್ಟು, ‘ಡಿಕ್ರೂಜ್ ಅವರ ಮಗಳು, ಬೆನ್ಸನ್ ಟೌನ್ ಹುಟ್ಟೂರು’ ಎಂದು ಸಾರಿಸಿಕೊಂಡಳು. ನಾನು ಅವಳನ್ನು ಸುಟ್ಟುಬಿಡುವ ಹಾಗೆ ನೋಡಿದೆ.

ಹನ್ನೆರಡೂಕಾಲು ದಾಟಿತು. ಪರದೆಯ ಹಿಂದೆ ಬಸಣ್ಣ ಕಿರೀಟ ತೊಟ್ಟು, ಮುಖಕ್ಕೆ ಕೆಂಪು ಬಳಿದುಕೊಂಡು ನಿಂತಿದ್ದ. ಗಡಿಯಾರವನ್ನು ಅವನೂ ನೋಡುತ್ತಿದ್ದ. ಹನ್ನೆರಡೂವರೆ ಆಯಿತು. ನಾನು ಹತ್ತಿರ ಹೋಗಿ, “ಒಂದು ಸಾಲು ಬಸಣ್ಣ,” ಎಂದೆ. “ಹೂಂ ರೀ,” ಎಂದ. ಹಣೆಯ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಅವನ ಮುಖ ನೋಡಲಾಗದೆ ನಾನು ನೋಟ್‌ಬುಕ್ಕು ತೆರೆದುಕೊಂಡೆ.

ಹನ್ನೆರಡು ನಲವತ್ತೈದಕ್ಕೆ ರಾಕ್ಷಸ ಪ್ರವೇಶಿಸಿದ. ಹೆಜ್ಜೆಗೆ ಹಲಗೆ ನಡುಗಿತು. ಈರೇಶ ಎದುರು ಬಂದು ಸಾರಥಿಯ ಗತ್ತಿನಲ್ಲಿ, “ಭಳಿರೇ ರಾಜಾ! ತಾವು ಯಾರು? ತಮ್ಮ ಸ್ಥಳ ಯಾವುದು? ತಮ್ಮ ನಾಮಾಂಕಿತವೇನು?” ಎಂದು ಕೇಳಿದ.

ಬಸಣ್ಣ ಒಂದು ಸಲ ನನ್ನ ಕಡೆ ನೋಡಿದ. ಆಮೇಲೆ ಜನರ ಕಡೆ ತಿರುಗಿದ.

“ಎಲೈ ಸಾರಥೀ! ನಾನು ಯಾರೆಂದು ಕೇಳಿದೆಯಾ?”

ಅದು ಮೊದಲನೇ ಪುಟದ ಮೊದಲನೇ ಸಾಲು. ಅಯ್ಯೋ ದೇವರೇ, ಎಂದುಕೊಂಡೆ. ನಾನು ಕೈಬೀಸಿದೆ, ಗಡಿಯಾರ ಎತ್ತಿ ಹಿಡಿದೆ. ಯುದ್ಧಕ್ಕೆ ತಯಾರಾಗಿ ಕತ್ತಿ ಎತ್ತಿದ್ದ ಭೀಮು ಮೆಲ್ಲಗೆ ಇಳಿಸಿದ. ಎರಡನೇ ಪುಟದಲ್ಲಿ ಒಬ್ಬ ಟವೆಲ್ ಹಿಡಿದು ರಂಗದ ಕಡೆ ಹೊರಟ. ಜಟ್ಟೆಮ್ಮ ಅವನ ಅಂಗಿ ಹಿಡಿದು ಎಳೆದು, “ಏ, ಕುಂದ್ರು! ನನ್ನ ಗಂಡ ಮಾತಾಡಾಕತ್ತಾನ,” ಎಂದಳು. ಅವನು ಕೂತ. ಆಮೇಲೆ ಯಾರೂ ಏಳಲಿಲ್ಲ.

ಐದನೇ ಪುಟಕ್ಕೆ ಒಂದು ಗಂಟೆಯಾಯಿತು. ಮಧುಕರ್ ಆಡಿದ ಮಾತಿಗೆ ತಪ್ಪಲಿಲ್ಲ. ಮೈಕ್ ಹೋಯಿತು, ದೀಪ ಹೋಯಿತು, ಫ್ಯಾನು ನಿಂತಿತು. ಬಸಣ್ಣ ಒಂದು ಅಕ್ಷರವೂ ತಡೆಯಲಿಲ್ಲ. ಇಪ್ಪತ್ತನಾಲ್ಕು ವರ್ಷ ಬಚ್ಚಲಮನೆಯಲ್ಲಿ ಪಳಗಿದ ಗಂಟಲಿಗೆ ಮೈಕ್ ಯಾವ ಲೆಕ್ಕ? ನಾಮಕರಣದವರು ತೊಟ್ಟಿಲು ಹೊತ್ತು ಒಳಗೆ ಬಂದರು. ಮಗುವಿನ ಅಜ್ಜಿ ರಾಮಲಕ್ಷ್ಮಮ್ಮ ಎಂಬವರು ಮೊದಲ ಸಾಲಿನಲ್ಲೇ ಕೂತುಬಿಟ್ಟರು. ಮಧುಕರ್ ಕೂಗಾಡಲು ಬಾಯಿ ತೆರೆದಾಗ ಆಕೆ, “ಸುಮ್ನಿರಪ್ಪ ನೀನು, ಕೇಳಿಸ್ತಿಲ್ಲ,” ಎಂದರು.

ಒಂದು ಹದಿಮೂರಕ್ಕೆ ಒಂಬತ್ತನೇ ಪುಟ ಮುಗಿಯಿತು. ಚಪ್ಪಾಳೆ, ಸಿಳ್ಳೆ. ಬಸಣ್ಣ ಎದೆಯುಬ್ಬಿಸಿ ಉಸಿರು ಬಿಡುತ್ತ ನಿಂತಿದ್ದ.

“ಈಗ ಹೊಡಿಯೋ ಭೀಮು. ಇನ್ನ ಸಾಯ್ತೀನಿ,” ಎಂದ.

ಆದರೆ ಮಧುಕರ್ ಇನ್ನು ಒಂದು ನಿಮಿಷವೂ ಕೊಡಲಿಲ್ಲ. ರಾಕ್ಷಸ ಸಾಯದೆ, ಮಂಗಳ ಹಾಡದೆ ಬಣ್ಣ ಒರೆಸುವ ಹಾಗಿಲ್ಲ, ಊರಿಗೇ ಕೇಡು ಎಂದು ಎಲ್ಲರಿಗೂ ಗಾಬರಿ. ಕೊನೆಗೆ ಭವನದ ಹೊರಗೆ, ಅಡುಗೆಯವರ ಟೆಂಪೋಗೂ ಒಂದು ಆಟೋಗೂ ನಡುವೆ ಸಿಕ್ಕ ಜಾಗದಲ್ಲಿ ಯುದ್ಧವಾಯಿತು. ಆಟೋದವನು ಹಾರ್ನ್ ಹೊಡೆದ. ಭೀಮು ಬೀಸಿದ. ಘೋರಕೇತು ರಸ್ತೆಯ ಮೇಲೆ ಅಂಗಾತ ಬಿದ್ದ. ಈರೇಶ ಮಂಗಳ ಹಾಡಲು ಶುರು ಮಾಡಿದ.

ನಾನು ಬೈಯಬೇಕೆಂದೇ ಹತ್ತಿರ ಹೋದೆ. ಬಿಸಿಲಿಗೆ ಬಣ್ಣ ಕರಗಿ ಕಿವಿಯವರೆಗೂ ಇಳಿದಿತ್ತು. ಕಣ್ಣು ಮುಚ್ಚಿಕೊಂಡೇ ಇದ್ದ. ತುಟಿ ಮಾತ್ರ ಅಲುಗಿತು.

“ಅಕ್ಕೋರ, ಬುಕ್ ನಿಮ್ಮ ಕೈಯಾಗಿತ್ತಲ್ರಿ. ಒಂದು ಸಾಲರ ಬಿಟ್ಟೀನೇನ್ರಿ?”

ಏಳನೇ ಪುಟದಲ್ಲಿ ಎರಡು ಸಾಲು ಬಿಟ್ಟಿದ್ದ. ಬೆರಳಿಟ್ಟುಕೊಂಡು ನೋಡಿದ್ದೆ. ಸರ್ವಿಸಿನಲ್ಲಿ ಇದ್ದಷ್ಟು ವರ್ಷವೂ ಯಾರಿಗೂ ಅರ್ಧ ಮಾರ್ಕು ಪುಕ್ಕಟೆ ಕೊಟ್ಟವಳಲ್ಲ ನಾನು. ನಡುರಸ್ತೆಯಲ್ಲೇ ಅಳು ಬಂತು, ಯಾಕೆಂದು ಕೇಳಬೇಡಿ.

“ಒಂದೂ ಬಿಟ್ಟಿಲ್ಲ,” ಎಂದೆ. “ಮಂಗಳ ಮುಗಿಯೋವರೆಗೂ ಸುಮ್ಮನೆ ಸತ್ತಿರು.”