ಕಾಡುಕೋಣಕ್ಕೆ ಬೆಲೆ ಕಟ್ಟಿದ ಚಿನ್ನಸ್ವಾಮಿ

ದೊಡ್ಡಬೆಳವಂಗಲದ ಕಡೆ ದನದ ದಲ್ಲಾಳಿ ಎಂದರೆ ನಮ್ಮ ಚಿನ್ನಸ್ವಾಮಿ. ನಾಲ್ಕು ಕಾಲಿನದು ಏನೇ ಕಣ್ಣಿಗೆ ಬೀಳಲಿ, ಬೆಲೆ ಹೇಳದೆ ಅವನ ಬಾಯಿ ಮುಚ್ಚದು. ಮಗಳು ಶಾಮಲಾಳಿಗೆ ಬಂದ ಮೊದಲ ಸಂಬಂಧ ಮುರಿದದ್ದೂ ಇದರಿಂದಲೇ. ಗಂಡಿನ ಮನೆ ನೋಡಲು ಹೋದವನು ಅವರ ಹಸುವಿನ ಬಾಯಿ ಅಗಲಿಸಿ, "ಹಲ್ಲೆಲ್ಲ ಸವ್ದೈತೆ, ಈ ಮುದಿ ಹಸಾನ ಯಾವನ್ ನಿಮ್ ತಲೆಗ್ ಕಟ್ದ?" ಎಂದುಬಿಟ್ಟ. ಅದು ಗಂಡಿನ ತಾಯಿಗೆ ತವರಿನವರು ಕೊಟ್ಟ ಬಳುವಳಿ.

ಈಗ ಚನ್ನರಾಯಪಟ್ಟಣದಿಂದ ಇನ್ನೊಂದು ಸಂಬಂಧ ಬಂದಿತ್ತು. ಅಲ್ಲಿಗೆ ಹೋಗುವ ಹಿಂದಿನ ದಿನ ಅವನ ಹೆಂಡತಿ ಪಾಪಕ್ಕ ಅವನನ್ನೂ ನೆರೆಮನೆಯ ನನ್ನನ್ನೂ ಬೆಂಗಳೂರಿನಲ್ಲಿ ಸತ್ತ ಪ್ರಾಣಿಗಳನ್ನಿಟ್ಟಿರುವ ಮ್ಯೂಸಿಯಂಗೆ ಕರೆದುಕೊಂಡು ಹೊರಟಳು.

"ನೋಡಯ್ಯ, ಒಂದು ಪ್ರಾಣಿಗೂ ಬೆಲೆ ಕಟ್ಟದಂಗೆ ಈಚೆ ಬಂದ್ರೆ ನಾಳೆ ನೀನು ಬರ್ಬೋದು. ಇಲ್ದಿದ್ರೆ ಈ ಅಣ್ಣನ್ನೇ ಹೆಣ್ಣಿನ್ ಕಡೆ ಹಿರೀಕ ಅಂತ ಕೂರಿಸ್ತೀನಿ," ಎಂದು ನನ್ನತ್ತ ಕೈ ಮಾಡಿದಳು.

"ಸತ್ತಿರೋವಕ್ಕೆ ಯಾವ್ ಮುಟ್ಠಾಳ ಬೆಲೆ ಕಟ್ತಾನೆ ಬಿಡೇ!"

ಚಿರತೆಯ ಮುಂದೆ ಸುಮ್ಮನೆ ಕೆಮ್ಮಿದ. ಆನೆಯ ಮೂಳೆಗಳ ಮುಂದೆ ತುಟಿ ಕಚ್ಚಿಕೊಂಡ. ಹತ್ತಿ ತುಂಬಿ ನಿಲ್ಲಿಸಿದ ಕಾಡುಕೋಣದ ಮುಂದೆ ಮಾತ್ರ ಅವನ ಕಾಲು ಕದಲಲಿಲ್ಲ. ಆ ಹೆಗಲೇನು, ಆ ಕೊಂಬೇನು!

ಪಕ್ಕದಲ್ಲಿ ಹೊಸಕೋಟೆ ಕಡೆಯ ದಲ್ಲಾಳಿಯೊಬ್ಬ ನಿಂತಿದ್ದ. ಕಸುಬು ಕಸುಬನ್ನು ಗುರುತಿಸಿತು. ಅವನು ತುಟಿಪಿಟಕ್ಕೆನ್ನದೆ ತನ್ನ ಟವೆಲಿನ ಮರೆಯಲ್ಲಿ ಕೈ ಚಾಚಿದ. ದನದ ಸಂತೆಯಲ್ಲಿ ಬೆಲೆ ಕುದುರಿಸುವುದು ಹೀಗೆಯೇ, ಒಬ್ಬರ ಬೆರಳನ್ನು ಒಬ್ಬರು ಹಿಡಿದು. ಚಿನ್ನಸ್ವಾಮಿ ಹೆಂಡತಿಯತ್ತ ಕಳ್ಳನೋಟ ಬೀರಿ ಕೈ ತೂರಿಸಿದ. ಬಾಯಿ ಮುಚ್ಚಿಯೇ ಇತ್ತು. ಟವೆಲು ಮಾತ್ರ ಗೋಣಿಯೊಳಗಿನ ಬೆಕ್ಕಿನಂತೆ ಒದ್ದಾಡುತ್ತಿತ್ತು.

ಆತ ಎಷ್ಟು ಬೆರಳು ಹಿಡಿದನೋ, ಚಿನ್ನಸ್ವಾಮಿ ಸಿಡಿದ. "ಥೂ! ಇಂಥಾ ಹೆಗಲಿಗೆ ಇಷ್ಟೇನ್ಲಾ? ಮೇವು ಬ್ಯಾಡ, ನೀರು ಬ್ಯಾಡ, ಸಗಣಿ ಬಾಚಂಗಿಲ್ಲ! ಇಂಥ ದನ ಇನ್ನೆಲ್ಲೈತೆ, ತೋರ್ಸು!"

ಕಾವಲುಗಾರ ಓಡಿ ಬಂದ. "ಯಜಮಾನ್ರೇ, ಇದು ಮಾರೋದಲ್ಲ."

"ಅದನ್ನ ಈ ಜಿಪುಣನಿಗ್ ಹೇಳಪ್ಪ!"

ಪಾಪಕ್ಕ ಹಣೆ ಚಚ್ಚಿಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಅವನ ಸಪ್ಪೆ ಮೋರೆ ನೋಡಲಾರದೆ ನಾನೇ ಹೇಳಿದೆ, "ಹೆತ್ತಪ್ಪ ಇರೋವಾಗ ನಾನ್ ಕೂತ್ರೆ ಚೆನ್ನಾಗಿರಲ್ಲ ಕಣಮ್ಮ." ಅವಳು ಗೊಣಗುತ್ತಲೇ ಒಪ್ಪಿದಳು.

ಮರುದಿನ ಗಂಡಿನ ಮನೆಯಲ್ಲಿ ಪಾಪಕ್ಕ ತನ್ನ ಗಂಡನನ್ನು ಕೊಟ್ಟಿಗೆಗೆ ಬೆನ್ನು ಮಾಡಿ ಕೂರಿಸಿದಳು. ಹಿಂದಿನಿಂದ ಹಸು 'ಅಂಬಾ' ಎಂದಾಗಲೆಲ್ಲ ಚಿನ್ನಸ್ವಾಮಿ ಕಣ್ಣು ಮುಚ್ಚಿ ಬಾಯಿಗೆ ಒಂದೊಂದು ಹಿಡಿ ಉಪ್ಪಿಟ್ಟು ತುರುಕಿಕೊಂಡ. ಹಸು ನಿಲ್ಲಿಸಲಿಲ್ಲ, ಇವನೂ ನಿಲ್ಲಿಸಲಿಲ್ಲ.

ಗಂಡಿನ ತಾಯಿ ಹಿಗ್ಗಿ ಹೋದಳು. "ನನ್ನ ಉಪ್ಪಿಟ್ಟನ್ನ ಇಷ್ಟು ಮೆಚ್ಚಿ ತಿಂದೋರನ್ನ ನಾನ್ ಕಂಡೇ ಇಲ್ಲ. ಇಂಥೋರ್ ಮನೆ ಹೆಣ್ಣೇ ನಮಗ್ ಬೇಕು!"